ತಾಯಿಯ ಪಾಲು, ಮಗಳ ಹೋರಾಟ

'ನಮ್ಮದು ಅಳಿಯಕಟ್ಟು, ಹೆಣ್ಣಿಗೆ ನಮ್ಮಲ್ಲಿ ಅಂದೇ ಸ್ವಾತಂತ್ರ್ಯವಿತ್ತು' ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ನನ್ನ ವಿದ್ಯಾರ್ಥಿಗಳು ಹೆಮ್ಮೆಯಿಂದ ಹೇಳುವುದುಂಟು. ಆ ಮಾತು ಕೇಳಿದಾಗಲೆಲ್ಲ ನನಗೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ನೆನಪಾಗುತ್ತದೆ.

1903ರಲ್ಲಿ ಅವರು ಹುಟ್ಟಿದ್ದು ಮಕ್ಕಳಕಟ್ಟಿನ ಸಾರಸ್ವತ ಮನೆತನದಲ್ಲಿ. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ಅನಂತಯ್ಯ ಧಾರೇಶ್ವರರು ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ. ಆ ಸ್ವಾಭಿಮಾನಿ ಅದನ್ನೂ ಬೇಡವೆಂದರು. ಹೆಣ್ಣಿಗೆ ಹಕ್ಕಿಲ್ಲವೆಂಬುದನ್ನು ಮಗಳು ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಬಾಲ್ಯದಲ್ಲೇ ಮದುವೆ, ಬೆನ್ನಿಗೇ ವೈಧವ್ಯ, ಮುಂದೆ ಕವಿ ಹರೀಂದ್ರನಾಥರೊಡನೆ ಪುನರ್ವಿವಾಹ. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಇರಾನಿನ ಹೆಂಗಸರಿಗೆ ಮತದ ಹಕ್ಕೇ ದೊರೆತದ್ದು 1963ರಲ್ಲಿ ಎಂಬುದನ್ನು ನೆನೆದರೆ ಆ ಸೋಲಿನ ಬೆಲೆ ತಿಳಿಯುತ್ತದೆ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯೊಡನೆ ವಾದಿಸಿದರು; 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು. ಕಮ್ಯುನಿಸ್ಟರ ಹಾದಿ ಅವರದಲ್ಲ. ಆದರೆ ಹೆಣ್ಣಿನ ಬಿಡುಗಡೆ ದುಡಿಮೆಯ ಪ್ರಶ್ನೆಯೂ ಹೌದು, ಮನೆಯೊಳಗಿನ ದುಡಿಮೆಯೂ ದುಡಿಮೆಯೇ ಎಂಬುದು ಅವರ ದೃಢವಾದ ನಿಲುವಾಗಿತ್ತು.

ಈಗ ಅಳಿಯಕಟ್ಟಿನ ಮಾತು. ಚೌಟರ ಮನೆತನದ ಅಬ್ಬಕ್ಕ ಪಟ್ಟವೇರಿದ್ದು ಈ ಕಟ್ಟಿನಿಂದಲೇ, ನಿಜ. ಆಸ್ತಿ ತಾಯಿಯ ಬಳಿಯಲ್ಲಿ ಇಳಿದುಬರುತ್ತಿತ್ತು. ಆದರೆ ಯಜಮಾನಿಕೆ ಬಹುಮಟ್ಟಿಗೆ ಮಾವಂದಿರದು. ಪಾಲು ಕೇಳುವ ಹಕ್ಕು 1949ರ ಮದರಾಸು ಕಾಯಿದೆಯವರೆಗೆ ಯಾರಿಗೂ ಇರಲಿಲ್ಲ. ಕುಲ ಹೆಣ್ಣಿನಿಂದ ಬೆಳೆಯಿತು. ಕೀಲಿಕೈ ಮಾತ್ರ ಎಲ್ಲ ಹೆಣ್ಣಿಗೂ ಸಿಗಲಿಲ್ಲ. ಅದೇ ಬೀಡಿನ ಗದ್ದೆಯಲ್ಲಿ ನೇಜಿ ನೆಟ್ಟ ಒಕ್ಕಲ ಹೆಂಗಸಿಗಂತೂ ಯಾವ ಕಟ್ಟೂ ನೆಲ ಕೊಡಲಿಲ್ಲ.

ಮುಂದೆ ಇದೇ ಊರುಗಳ ಹೆಂಗಸರು ಮಡಿಲಲ್ಲಿ ತಡ್ಪೆಯಿಟ್ಟುಕೊಂಡು ಬೀಡಿ ಕಟ್ಟಿದರು. ಮಕ್ಕಳ ಶಾಲೆಯ ಖರ್ಚು ಎಷ್ಟೋ ಮನೆಗಳಲ್ಲಿ ಆ ಸಾವಿರದ ಲೆಕ್ಕದಿಂದಲೇ ನಡೆಯಿತು. ಮನೆಯಲ್ಲಿ ಕುಳಿತು ಕಟ್ಟುವವರೂ ಕಾರ್ಮಿಕರೇ ಎಂದು 1966ರ ಕಾಯಿದೆ ಒಪ್ಪಿತು. ಕಮಲಾದೇವಿಯವರ ಮಾತಿಗೆ ನಮ್ಮೂರಿನ ಜಗಲಿಯೇ ಸಾಕ್ಷಿಯಾಯಿತೆನ್ನಬೇಕು.

1988ರಲ್ಲಿ ಅವರು ತೀರಿಕೊಂಡರು. ಅಬ್ಬಕ್ಕನ ಹೆಸರು ಹೇಳುವ ವಿದ್ಯಾರ್ಥಿಗಳಿಗೆ ನಾನೀಗ ಒಂದೇ ಪ್ರಶ್ನೆ ಕೇಳುತ್ತೇನೆ: 'ನಿಮ್ಮ ಮನೆಯ ಪಹಣಿಯಲ್ಲಿ ಅಮ್ಮನ ಹೆಸರಿದೆಯೇ?'