ಪುಲ್ ಎಲಿಯದ ನೀರಿನ ಲೆಕ್ಕ

ಸಿಂಹಳ ಭಾಷೆಯಲ್ಲಿ ಕೆರೆಗೆ 'ವೆವ' ಅನ್ನುತ್ತಾರೆ. ಮೂಲ 'ವಾಪಿ'. ಅದೇ ವಾಪಿ ಕನ್ನಡಕ್ಕೆ ಬಂದು 'ಬಾವಿ' ಆಯಿತು. ಹೋದ ವರ್ಷ ನೀರಾವರಿಯ ವರದಿಯೊಂದನ್ನು ಕನ್ನಡಕ್ಕೆ ತಿದ್ದಿಕೊಡುವ ಕೆಲಸ ಸಿಕ್ಕಿತ್ತು. ಯಂತ್ರ ಮಾಡಿದ ಕರಡಿನಲ್ಲಿ 'ಟ್ಯಾಂಕ್' ಇದ್ದಲ್ಲೆಲ್ಲ 'ತೊಟ್ಟಿ' ಎಂದಿತ್ತು. ತೊಟ್ಟಿಯ ಅಚ್ಚುಕಟ್ಟು, ತೊಟ್ಟಿಯ ಕೋಡಿ, ತೊಟ್ಟಿಯ ಹೂಳು! ನಗುತ್ತಲೇ ತಿದ್ದುತ್ತಾ ಹೋದೆ. ಆ ವರದಿ ಶ್ರೀಲಂಕಾದ ಕೆರೆಗಳನ್ನೂ ಒಂದೆರಡು ಕಡೆ ಹೆಸರಿಸಿತ್ತು. ಅದರ ಬೆನ್ನು ಹಿಡಿದು ಹೋದಾಗ ಸಿಕ್ಕಿದ್ದು ಪುಲ್ ಎಲಿಯ ಎಂಬ ಊರು.

ಊರು ಅಂದರೆ ಬಹಳ ಚಿಕ್ಕದು. ದ್ವೀಪದ ಒಳನಾಡಿನಲ್ಲಿ, ಅನುರಾಧಪುರದ ಉತ್ತರಕ್ಕೆ ಇದೆ. 1954ರಲ್ಲಿ ಅಲ್ಲಿದ್ದವರು ಹೆಚ್ಚುಕಡಿಮೆ 150 ಜನ. ಒಂದು ಕೆರೆ, ಏರಿಯ ಕೆಳಗೆ ಭತ್ತದ ಬಯಲು, ಒತ್ತಾಗಿ ಕಟ್ಟಿಕೊಂಡ ಮನೆಗಳು, ಸುತ್ತ ಕುರುಚಲು ಕಾಡು. ಶ್ರೀಲಂಕಾ ಅಂದರೆ ಹಸಿರು, ಚಹಾ, ತೆಂಗು ಎಂದು ನಮ್ಮ ಕಣ್ಣಿಗೆ ಕಟ್ಟಿರುತ್ತದಲ್ಲ, ಇದು ಆ ಲಂಕೆಯಲ್ಲ. ಇದು ಒಣ ಸೀಮೆ. ಈಶಾನ್ಯ ಮಳೆ ಬಂದರೆ 'ಮಹ' ಎಂಬ ದೊಡ್ಡ ಬೆಳೆ. ಕೆರೆಯಲ್ಲಿ ನೀರು ಉಳಿದರೆ 'ಯಲ' ಎಂಬ ಸಣ್ಣ ಬೆಳೆ. ಕೋಲಾರ, ಚಿತ್ರದುರ್ಗದ ಕಡೆಯವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಇಷ್ಟು ಸಣ್ಣ ಊರಿನ ಹೆಸರು ಉಳಿಯಲು ಕಾರಣ ಎಡ್ಮಂಡ್ ಲೀಚ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಮಾಡಿಕೊಂಡ ಟಿಪ್ಪಣಿಗಳನ್ನು ಕಳೆದುಕೊಂಡು, ನೆನಪಿನಿಂದಲೇ ಬಹುಪಾಲು ಕೆಲಸ ಮಾಡಬೇಕಾಗಿ ಬಂದ ಮನುಷ್ಯ. ಅದರ ಪ್ರತಿಕ್ರಿಯೆಯೋ ಏನೋ (ಇದು ನನ್ನ ಊಹೆ), ಪುಲ್ ಎಲಿಯದಲ್ಲಿ ಆತ ಪ್ರತಿ ಗದ್ದೆಯ ಪಟ್ಟಿಯನ್ನೂ ಲೆಕ್ಕ ಹಾಕಿದ. ಯಾರ ಪಾಲು, ಯಾರಿಂದ ಬಂತು, ಯಾರು ಕೊಂಡರು, ಯಾರು ಯಾರನ್ನು ಮದುವೆಯಾದರು ಎಂದು 19ನೇ ಶತಮಾನದ ಕೊನೆಯ ಸರ್ಕಾರಿ ದಾಖಲೆಗಳ ಜೊತೆ ಹೋಲಿಸಿದ. 1961ರಲ್ಲಿ ಕೇಂಬ್ರಿಜ್‌ನಿಂದ ಪುಸ್ತಕ ಬಂತು. ಓದಲು ಸುಲಭದ್ದಲ್ಲ. ಕೋಷ್ಟಕಗಳ ಕಾಡು.

ಆದರೆ ಆ ಕಾಡಿನ ಮಧ್ಯೆ ಒಂದು ಸೊಗಸಾದ ಲೆಕ್ಕವಿದೆ. ಕೆರೆಗೆ ಹತ್ತಿರದ ಗದ್ದೆಗೆ ನೀರು ಖಚಿತ, ಬಾಲದ ಗದ್ದೆಗೆ ಅನುಮಾನ. ಇದು ಎಲ್ಲ ಅಚ್ಚುಕಟ್ಟಿನ ಹಳೆಯ ಜಗಳ. ಪುಲ್ ಎಲಿಯದ 'ಹಳೆ ಬಯಲು' ಈ ಜಗಳವನ್ನು ನೆಲದಲ್ಲೇ ಬಗೆಹರಿಸಿಕೊಂಡಿತ್ತು. ಬಯಲನ್ನು 'ಬಾಗ'ಗಳಾಗಿ ಒಡೆದಿದ್ದರು (ನಮ್ಮ ಭಾಗವೇ), ಪ್ರತಿ ಬಾಗದಲ್ಲೂ ಪಾಲುದಾರರಿಗೆ ಅವರವರ ಪಾಲಿಗೆ ತಕ್ಕ ಪಟ್ಟಿ. ನೀರು ಕಡಿಮೆಯಾದ ವರ್ಷ ಮೇಲಿನ ಬಾಗ ಮಾತ್ರ ಬಿತ್ತಿದರೂ ಎಲ್ಲರಿಗೂ ಅವರ ಪ್ರಮಾಣದಷ್ಟು ನೆಲ ಸಿಗುತ್ತದೆ. ಹೀಗೆ ಹಂಚಿರದ ಊರುಗಳಲ್ಲೂ ಇದೇ ತತ್ವ 'ಬೆತ್ಮ' ಎಂಬ ಹೆಸರಿನಲ್ಲಿ ನಡೆಯುತ್ತದೆ. 40 ಎಕರೆ ಬಯಲಿನಲ್ಲಿ ನಿಮ್ಮದು 4 ಎಕರೆ ಎಂದಿಟ್ಟುಕೊಳ್ಳಿ, ಅದೂ ಕೊನೆಯಲ್ಲಿ. ಈ ಸಲ ನೀರಿರುವುದು 10 ಎಕರೆಗೆ. ಹಾಗಾದರೆ ಏರಿಯ ಹತ್ತಿರ, ಬೇರೆಯವರ ಗದ್ದೆಯಲ್ಲಿ, ನಿಮಗೆ 1 ಎಕರೆ. ಬೆಳೆ ಮುಗಿದ ಮೇಲೆ ನೆಲ ಮತ್ತೆ ಅವರದು. ದೊಡ್ಡ ಪಾಲಿನವನಿಗೆ ಬರಗಾಲದಲ್ಲೂ ದೊಡ್ಡ ಪಾಲೇ, ಆದ್ದರಿಂದ ಇದನ್ನು ಸಮಾನತೆ ಎಂದು ಕೊಂಡಾಡುವುದು ತಪ್ಪು. ಪಾಲೇ ಇಲ್ಲದವನಿಗೆ ಬೆತ್ಮವೂ ಇಲ್ಲ.

ನೀರು ಹಂಚುವ ಅಧಿಕಾರಿ 'ವೆಲ್ ವಿದಾನೆ'. ನಮ್ಮ ನೀರುಗಂಟಿ ಎಂದು ಅನುವಾದಿಸಲು ಕೈ ಹೋಗುತ್ತದೆ, ಆದರೆ ತಡೆಯಬೇಕು. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತ. ತೂಬು ಎತ್ತುವುದು ಅವನು, ಮಾತು ನಡೆಯುವುದು ಗೌಡರದ್ದು. ವೆಲ್ ವಿದಾನೆ ಸ್ವತಃ ಗದ್ದೆಯುಳ್ಳವನು, ಊರಿನ ಪ್ರಮುಖ. ಕೆಲಸ ಒಂದೇ ಆದರೂ ಸ್ಥಾನ ಬೇರೆ.

ಮದುವೆಯ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಇನ್ನೂ ಹತ್ತಿರ. ಸಿಂಹಳ ಇಂಡೋ-ಆರ್ಯನ್ ಭಾಷೆ, ಆದರೆ ಅದರ ನೆಂಟಸ್ತಿಕೆಯ ಪದಗಳ ಚೌಕಟ್ಟು ದ್ರಾವಿಡದ್ದು. 'ಮಾಮಾ' ಅಂದರೆ ತಾಯಿಯ ಅಣ್ಣತಮ್ಮನೂ ಹೌದು, ಹೆಂಡತಿಯ ಅಪ್ಪನೂ ಹೌದು. ನಮ್ಮ 'ಮಾವ'ನ ಹಾಗೆಯೇ. ಹೆಂಡತಿ ಗಂಡನ ಮನೆಗೆ ಹೋದರೆ 'ದೀಗ', ಗಂಡ ಹೆಂಡತಿಯ ಮನೆಗೆ ಬಂದರೆ 'ಬಿನ್ನ', ಅಂದರೆ ಮನೆ ಅಳಿಯ. ಹೆಣ್ಣುಮಕ್ಕಳಿಗೂ ನೆಲದಲ್ಲಿ ಪಾಲು ಇದ್ದುದರಿಂದ ಮದುವೆಯೆಂದರೆ ಗದ್ದೆ ಎತ್ತ ಹೋಗುತ್ತದೆ ಎಂಬ ಪ್ರಶ್ನೆಯೂ ಹೌದು. ಲೀಚ್‌ನ ವಾದ ಇಲ್ಲಿಂದ ಹುಟ್ಟಿತು: ಬಂಧುತ್ವದ ನಿಯಮಗಳು ಊರನ್ನು ನಡೆಸುತ್ತಿಲ್ಲ, ಕೆರೆ, ಕಾಲುವೆ, ಬದುಗಳು ಅಲುಗದೆ ಕೂತಿವೆ, ಜನ ತಮ್ಮ ಸಂಬಂಧಗಳನ್ನು ಅವಕ್ಕೆ ಹೊಂದಿಸಿಕೊಳ್ಳುತ್ತಾರೆ. ಅವನ ಸಹೋದ್ಯೋಗಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ನನಗೂ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಆದರೆ ಆಸ್ತಿ ಭಾಗ ಮಾಡುವ ದಿನ ಯಾರು ಯಾರಿಗೆ ಇದ್ದಕ್ಕಿದ್ದಂತೆ 'ಹತ್ತಿರದ ನೆಂಟ'ರಾಗುತ್ತಾರೆ ಎಂದು ನೋಡಿದವರು ಪೂರ್ತಿ ತಳ್ಳಿಹಾಕಲಾರರು.

ಇನ್ನೊಂದು ಜಗಳವನ್ನೂ ಈ ಊರಿನ ಅನುಭವದಿಂದಲೇ ಲೀಚ್ ಹೂಡಿದ. 1957ರಲ್ಲಿ ಕಾರ್ಲ್ ವಿಟ್‌ಫೋಗೆಲ್ ಎಂಬಾತ, ಏಷ್ಯಾದಲ್ಲಿ ದೊಡ್ಡ ನೀರಾವರಿ ನಡೆಸಲು ನಿರಂಕುಶ ಪ್ರಭುತ್ವ ಬೇಕಾಯಿತು ಎಂದು ಬರೆದಿದ್ದ. 1959ರಲ್ಲಿ ಲೀಚ್ ಸಿಂಹಳ ನಾಡಿನ ಉದಾಹರಣೆ ಎದುರಿಟ್ಟ. ಕಲಾವೆವದಂಥ ಮಹಾ ಕೆರೆಗಳನ್ನು ರಾಜರು ಕಟ್ಟಿಸಿದರು, ನಿಜ. ಆದರೆ ಅಂಥವು ಶತಮಾನಗಳ ಉದ್ದಕ್ಕೂ ತುಂಡುತುಂಡಾಗಿ ಬೆಳೆದವು. ರಾಜಧಾನಿ ಪಾಳುಬಿದ್ದ ಮೇಲೂ ಹಳ್ಳಿಯ ಕೆರೆ ನಡೆಯಿತು, ಏಕೆಂದರೆ ಅದಕ್ಕೆ ರಾಜನ ಅಗತ್ಯವೇ ಇರಲಿಲ್ಲ.

ಹಾಗಂತ ಹಳ್ಳಿ ತಾನೇ ತಾನಾಗಿ ಬದಲಾಗದೆ ಇತ್ತು ಎಂದಲ್ಲ. ಬ್ರಿಟಿಷರು 1830ರ ದಶಕದ ಆರಂಭದಲ್ಲಿ 'ರಾಜಕಾರಿಯ' ಎಂಬ ಬಿಟ್ಟಿ ಸೇವೆಯನ್ನು ರದ್ದು ಮಾಡಿದರು. ಒಳ್ಳೆಯದೇ, ಆದರೆ ಏರಿ ದುರಸ್ತಿಗೆ ಜನರನ್ನು ಕರೆಯುವ ಕಟ್ಟುಪಾಡೂ ಅದರೊಂದಿಗೆ ಸಡಿಲಾಯಿತು. ಎಷ್ಟೋ ಕೆರೆಗಳು ಹಾಳಾದ ಮೇಲೆ, 1856ರಲ್ಲಿ ಹಳೆಯ ನೀರಾವರಿ ಪದ್ಧತಿಗಳಿಗೆ ಕಾಯಿದೆಯ ಬಲ ಕೊಟ್ಟು ತೇಪೆ ಹಾಕಬೇಕಾಯಿತು. ನಡುವೆ 1840ರ ಸುಗ್ರೀವಾಜ್ಞೆ, ದಾಖಲೆಯಿಲ್ಲದ ಕಾಡು, ಬೀಳು ಎಲ್ಲವೂ ಸರ್ಕಾರದ್ದು ಎಂದಿತು. ಊರವರು ಕಾಡು ಕಡಿದು, ಸುಟ್ಟು, ರಾಗಿ ಬಿತ್ತುತ್ತಿದ್ದ 'ಹೇನ' ಬೇಸಾಯ ಅಧಿಕಾರಿಗಳ ಕಣ್ಣಲ್ಲಿ ಸೋಮಾರಿಗಳ ಕೆಲಸವಾಯಿತು. ನಮ್ಮ ಮಲೆನಾಡಿನ ಕುಮರಿಗೂ ಇದೇ ಗತಿ ಬಂದದ್ದು ನೆನಪಿರಬಹುದು. ಕೆರೆ ಬತ್ತಿದ ವರ್ಷ ಹೊಟ್ಟೆ ತುಂಬಿಸುತ್ತಿದ್ದುದು ಅದೇ ಹೇನ.

ಸರ್ಕಾರ ತನ್ನದೆಂದ ಆ ನೆಲವನ್ನೇ ಆಮೇಲೆ ಮಾರತೊಡಗಿತು. ಪುಲ್ ಎಲಿಯದಲ್ಲೂ ಕೈಯಲ್ಲಿ ಕಾಸಿದ್ದವರು ಹಳೆ ಬಯಲಿನ ಆಚೀಚೆ ಗದ್ದೆ ಮಾಡಿಕೊಂಡರು. ಅದಕ್ಕೆ 'ಅಕ್ಕರ' ಗದ್ದೆ ಎಂದು ಹೆಸರು. ಎಕರೆ ಲೆಕ್ಕದಲ್ಲಿ ಅಳೆದದ್ದು. ಕನ್ನಡದ ಕಿವಿಗೆ 'ಅಕ್ಕರೆ' ಅಂತ ಕೇಳುತ್ತದೆ, ಏನು ಮಾಡುವುದು. ಹಳೆ ಬಯಲಿನಲ್ಲಿ ನೀವು ಕೊಳ್ಳುವುದು ಪಾಲನ್ನು. ಪಾಲಿನ ಜೊತೆ ಬೇಲಿ ಕಟ್ಟುವ, ಏರಿಗೆ ಮಣ್ಣು ಹಾಕುವ ಹೊಣೆ ಬರುತ್ತದೆ. ಅಕ್ಕರದಲ್ಲಿ ಕೊಳ್ಳುವುದು ಇಷ್ಟು ಉದ್ದ, ಇಷ್ಟು ಅಗಲದ ನೆಲ. ಎರಡಕ್ಕೂ ನೀರು ಬರಬೇಕಾದ್ದು ಅದೇ ಒಂದು ಕೆರೆಯಿಂದ. ಬೆತ್ಮ ಹಳೆ ಬಯಲಿನ ಕಟ್ಟಲೆ, ಅಕ್ಕರದವರು ಅದರ ಹೊರಗೆ.

1958ರ ಭತ್ತದ ಗದ್ದೆ ಕಾಯಿದೆ ವೆಲ್ ವಿದಾನೆಯ ಹುದ್ದೆಯನ್ನೇ ತೆಗೆದು, ಆ ಜಾಗಕ್ಕೆ ಬೇಸಾಯ ಸಮಿತಿಗಳನ್ನು ತಂದಿತು. ಲೀಚ್‌ನ ಪುಸ್ತಕ ಅಚ್ಚಾಗುವಷ್ಟರಲ್ಲಿ ಅದರೊಳಗಿನ ಒಂದು ಮುಖ್ಯ ಪಾತ್ರ ಹೀಗೆ ಕಾನೂನಿನಿಂದ ಮಾಯವಾಗಿತ್ತು. ಬೆತ್ಮ ಮಾತ್ರ ಉಳಿದಿದೆ. ಒಣ ಸೀಮೆಯಲ್ಲಿ ಬಿತ್ತನೆಗೆ ಮುಂಚೆ ರೈತರೂ ಅಧಿಕಾರಿಗಳೂ ಸೇರುವ 'ಕನ್ನ' ಸಭೆ ಈಗಲೂ ನಡೆಯುತ್ತದೆ. ಕೆರೆಯಲ್ಲಿ ಎಷ್ಟು ನೀರಿದೆ ನೋಡಿ, ಈ ಸಲ ಪೂರ್ತಿ ಬಯಲೋ ಬೆತ್ಮವೋ ಎಂದು ಅಲ್ಲಿ ತೀರ್ಮಾನವಾಗುತ್ತದೆ.