ಪರಸ್ಥಳದವರ ಶಾಲೆ

ಬೆಂಗಳೂರು ಹೊರವಲಯದ ದೇವನಹಳ್ಳಿ ಬಳಿ 2023ರಲ್ಲಿ ಹ್ಯಾರೋ ಹೆಸರಿನ ವಸತಿ ಶಾಲೆಯೊಂದು ಆರಂಭವಾಯಿತು. ಜವಾಹರಲಾಲ್ ನೆಹರೂ 1905ರಿಂದ 1907ರವರೆಗೆ ಓದಿದ ಇಂಗ್ಲೆಂಡಿನ ಶಾಲೆಯ ಹೆಸರದು. ಈ ಹೆಸರಿನ ಹಿಂದಿನ ಕಥೆ ಸ್ವಾರಸ್ಯಕರ.

ಮೂಲ ಶಾಲೆಯನ್ನು ಸ್ಥಾಪಿಸಿದವನು ದೊರೆಯಲ್ಲ, ಪಾದ್ರಿಯೂ ಅಲ್ಲ. ಜಾನ್ ಲಯನ್ ಎಂಬ ಅನುಕೂಲಸ್ಥ ರೈತ. ಲಂಡನ್ ಸಮೀಪದ ಹ್ಯಾರೋ ಊರಿನ ಹುಡುಗರಿಗೆ ಉಚಿತವಾಗಿ ಪಾಠ ಹೇಳಿಸಲು ಆತ 1572ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯಿಂದ ಸನ್ನದು ಪಡೆದ. ಆದರೆ ಅವನ ನಿಯಮಾವಳಿಯಲ್ಲಿ ಒಂದು ಕಿಂಡಿಯಿತ್ತು. ಉಪಾಧ್ಯಾಯರು ಪರಸ್ಥಳದ ಹುಡುಗರನ್ನು ಶುಲ್ಕ ಪಡೆದು ಸೇರಿಸಿಕೊಳ್ಳಬಹುದಿತ್ತು.

ಕಾಲಕ್ರಮದಲ್ಲಿ ಈ ಕಿಂಡಿಯೇ ಹೆಬ್ಬಾಗಿಲಾಯಿತು. ಶಾಲೆ ಸಿರಿವಂತರ ಮಕ್ಕಳಿಂದ ತುಂಬಿತು. ಕಡೆಗೆ ಊರಿನ ಹುಡುಗರಿಗಾಗಿಯೇ 1876ರಲ್ಲಿ ಪ್ರತ್ಯೇಕ ಶಾಲೆ ತೆರೆಯಬೇಕಾಯಿತು.

ಅನಂತರ ಹೆಸರೇ ಕಡಲು ದಾಟಿತು. 1998ರಲ್ಲಿ ಬ್ಯಾಂಕಾಕ್, 2005ರಲ್ಲಿ ಬೀಜಿಂಗ್, ಈಗ ಬೆಂಗಳೂರು. ಇಲ್ಲೆಲ್ಲ ಬಂಡವಾಳ, ಕಟ್ಟಡ ಪಾಲುದಾರರದು. ಹೆಸರು, ಲಾಂಛನ, ಶಿಕ್ಷಣದ ರೀತಿನೀತಿ ಮೂಲ ಶಾಲೆಯದು. ಅದಕ್ಕೆ ಪ್ರತಿಫಲ ಸಲ್ಲುತ್ತದೆ.

ಲಯನ್‌ನ ನಿಯಮದಂತೆ ಹಿಂದೆ ಪರಸ್ಥಳದವರು ಹ್ಯಾರೋಗೆ ಹೋಗುತ್ತಿದ್ದರು. ಇಂದು ಹ್ಯಾರೋ ಅವರಿರುವಲ್ಲಿಗೇ ಬಂದಿದೆ. ಬಾರದೆ ಉಳಿದದ್ದು ಆತನ ಉಚಿತ ಪಾಠ. ರೈತನೊಬ್ಬ ತನ್ನೂರಿಗಾಗಿ ಕಟ್ಟಿದ ಶಾಲೆಯ ಹೆಸರು ಈಗ ವರ್ಷಕ್ಕೆ ಹಲವು ಲಕ್ಷ ರೂಪಾಯಿ ಬೇಡುತ್ತದೆ. ದೇವನಹಳ್ಳಿಯ ಸಾಮಾನ್ಯ ರೈತನ ಕೈಗೆ ಅದು ಎಟುಕದು.