ಚಕ್ರವರ್ತಿಯ ಕಾಯಿಪಲ್ಲೆಯ ತೋಟ

ಪೀಠವನ್ನೇರಿದವರ ಕಥೆ ಚರಿತ್ರೆಯಲ್ಲಿ ಬೇಕಾದಷ್ಟಿದೆ. ಏರಿದ ಪೀಠದಿಂದ ತಾವಾಗಿಯೇ ಇಳಿದವರ ಕಥೆ ವಿರಳ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆದ ಬಾಹುಬಲಿಯ ಕಥೆಯನ್ನು ಕೇಳಿ ಬೆಳೆದವರು ನಾವು. ಕಡಲಾಚೆಯ ನಾಡಿನಲ್ಲಿಯೂ ಕಿರೀಟವನ್ನು ಇಳಿಸಿಟ್ಟು ಮನೆಗೆ ಮರಳಿದ ಚಕ್ರವರ್ತಿಯೊಬ್ಬನಿದ್ದನು; ಅವನ ಮನೆ ಇಂದಿಗೂ ನಿಂತಿದೆ. ವಾಚಕ ಮಹಾಶಯರೇ, ತಮ್ಮನ್ನು ಈ ದಿನ ಆ ಮನೆಗೆ ಕರೆದೊಯ್ಯಬೇಕೆಂದು ನನ್ನ ಆಸೆ.

ನಮ್ಮ ಮಗಳು ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾಳೆ. ಬೇಸಗೆಯ ರಜೆಯಲ್ಲಿ ನಾವಿಬ್ಬರೂ ಅವಳಲ್ಲಿಗೆ ಹೋಗಿದ್ದೆವು. “ಅಪ್ಪಾ, ಜೀವಮಾನವೆಲ್ಲ ಪಾಠ ಹೇಳಿದ್ದೀರಿ, ಒಂದನ್ನಾದರೂ ಕಣ್ಣಿನಿಂದ ನೋಡಿ ಬನ್ನಿ” ಎಂದು ಅವಳೇ ನಮ್ಮನ್ನು ಮೂರು ದಿನದ ಮಟ್ಟಿಗೆ ಸ್ಪ್ಲಿಟ್ ಪಟ್ಟಣಕ್ಕೆ ಕಳುಹಿಸಿಕೊಟ್ಟಳು. ಕ್ರೊಯೇಷಿಯಾ ದೇಶದ ಈ ಪಟ್ಟಣವು ಏಡ್ರಿಯಾಟಿಕ್ ಕಡಲಿನ ದಡದಲ್ಲಿದೆ. ಮೆಡಿಟರೇನಿಯನ್ ಸಮುದ್ರವು ಬಡಗಣಕ್ಕೆ ಚಾಚಿದ ತೋಳೇ ಏಡ್ರಿಯಾಟಿಕ್.

ಅರಮನೆ ನೋಡಲೆಂದು ಹೊರಟ ನಮಗೆ ಮೊದಲ ದಿನ ಅರಮನೆಯೇ ಕಾಣಲಿಲ್ಲ. ಓಣಿಗಳು, ಅಂಗಡಿಗಳು, ಮೇಲಿನ ಕಿಟಕಿಯಿಂದ ಎದುರು ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒಣಗುತ್ತಿದ್ದ ಬಟ್ಟೆಗಳು, ಇಷ್ಟೆ. “ಅರಮನೆ ಎಲ್ಲಿ ರೀ?” ಎಂದು ನನ್ನಾಕೆ ಕೇಳಿದಳು. ವಿಚಾರಿಸಿದಾಗ ತಿಳಿದದ್ದು, ನಾವು ಒಂದು ಗಂಟೆಯಿಂದ ಅರಮನೆಯೊಳಗೇ ಸುತ್ತುತ್ತಿದ್ದೆವು! ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲದ ಆ ಕೋಟೆಯಂಥ ಕಟ್ಟಡದೊಳಗೆ ಊರೇ ಮನೆಮಾಡಿಕೊಂಡಿದೆ. ಗೋಡೆಗಳಿಗೆ ಎದುರಿನ ಬ್ರಾಚ್ ದ್ವೀಪದ ಬಿಳಿಯ ಸುಣ್ಣಕಲ್ಲು. ಕಂಬಗಳಲ್ಲಿ ಕೆಲವಕ್ಕೆ ಈಜಿಪ್ಟಿನಿಂದ ಹಡಗಿನಲ್ಲಿ ತಂದ ಕಣಶಿಲೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಬಡಗಣದ್ದಕ್ಕೆ ಚಿನ್ನದ ಬಾಗಿಲು, ಮೂಡಣದ್ದಕ್ಕೆ ಬೆಳ್ಳಿಯದು, ಪಡುವಣದ್ದಕ್ಕೆ ಕಬ್ಬಿಣದ್ದು, ಕಡಲಿಗೆ ತೆರೆಯುವ ತೆಂಕಣದ್ದಕ್ಕೆ ಕಂಚಿನದು ಎಂದು ಹೆಸರು.

ಇದನ್ನು ಕಟ್ಟಿಸಿದವನು ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್. ಸ್ಪ್ಲಿಟ್ ಪಟ್ಟಣಕ್ಕೆ ಹತ್ತಿರದ ಸಲೋನಾ ನಗರದ ಸೀಮೆಯಲ್ಲಿ ಕೀಳು ಮನೆತನದಲ್ಲಿ ಹುಟ್ಟಿ, ಸೈನ್ಯದಲ್ಲಿ ಮೇಲೇರಿ, ಕ್ರಿ. ಶ. 284 ರಲ್ಲಿ ಚಕ್ರವರ್ತಿಯಾದನು. ಅದಕ್ಕೆ ಹಿಂದಿನ ಐವತ್ತು ವರ್ಷಗಳಲ್ಲಿ ರೋಮಿನ ಸಿಂಹಾಸನವನ್ನೇರಿದವರು ಅನೇಕರು. ಅವರಲ್ಲಿ ಹಾಸಿಗೆಯಲ್ಲಿ ಸತ್ತವರು ಬಹಳ ಸ್ವಲ್ಪ. ಒಬ್ಬನಿಂದ ಆಳಲಾಗದಷ್ಟು ರಾಜ್ಯ ಬೆಳೆದಿದೆಯೆಂದು ಅರಿತ ಈತನು 286 ರಲ್ಲಿ ಮ್ಯಾಕ್ಸಿಮಿಯನ್ ಎಂಬುವನನ್ನು ಸಮಾನ ಚಕ್ರವರ್ತಿಯನ್ನಾಗಿ ಮಾಡಿಕೊಂಡನು. 293 ರಲ್ಲಿ ಮತ್ತಿಬ್ಬರು ಕಿರಿಯ ಅರಸರನ್ನು ನೇಮಿಸಿ, ಆಳ್ವಿಕೆಯನ್ನು ನಾಲ್ವರಲ್ಲಿ ಹಂಚಿದನು. ಕಿರಿಯರಲ್ಲಿ ಒಬ್ಬನಾದ ಗೆಲೇರಿಯಸ್‌ಗೆ ತನ್ನ ಮಗಳು ವಲೇರಿಯಾಳನ್ನೇ ಕೊಟ್ಟು ಮದುವೆ ಮಾಡಿದನು.

301 ರಲ್ಲಿ ಬೆಲೆಗಳ ಮಿತಿಯನ್ನು ಗೊತ್ತುಮಾಡಿ ಈತ ಹೊರಡಿಸಿದ ಶಾಸನವು ಸುಪ್ರಸಿದ್ಧ. ಸಾವಿರಕ್ಕೂ ಮಿಕ್ಕ ಸರಕುಗಳು ಮತ್ತು ಕೂಲಿಗಳ ಪಟ್ಟಿ ಅದು. ಅಕ್ಷರ ಕಲಿಸುವ ಉಪಾಧ್ಯಾಯನಿಗೆ ತಿಂಗಳಿಗೆ ಶಿಷ್ಯನೊಬ್ಬನಿಂದ 50 ದಿನಾರಿ, ಭಾಷಾಪಂಡಿತನಿಗೆ 200 ದಿನಾರಿ ಎಂದು ಅದರಲ್ಲಿದೆ. ಇದನ್ನು ಹೇಳಿದಾಗ ನನ್ನಾಕೆಗೆ ಚಕ್ರವರ್ತಿಯ ಮೇಲೆ ಒಂದಿಷ್ಟು ಗೌರವ ಹುಟ್ಟಿತು! ಆದರೆ ಮಿತಿ ಮೀರಿದವನಿಗೆ ಮರಣದಂಡನೆ ಎಂದರೂ ಸಂತೆಯ ಬೆಲೆ ರಾಜಾಜ್ಞೆಗೆ ಬಗ್ಗಲಿಲ್ಲ, ಶಾಸನ ನಿಲ್ಲಲಿಲ್ಲ. 303 ರಲ್ಲಿ ಆರಂಭವಾದ ಇನ್ನೊಂದು ಆಜ್ಞೆಗಳ ಸರಣಿ ಇದಕ್ಕಿಂತ ಕ್ರೂರವಾದುದು. ಕ್ರೈಸ್ತರ ಗುಡಿಗಳನ್ನು ಕೆಡಹಿ, ಗ್ರಂಥಗಳನ್ನು ಸುಟ್ಟು, ಹಲವರನ್ನು ಕೊಲ್ಲಿಸಿದ ಕಾಲವದು. ಸಲೋನಾದ ಧರ್ಮಾಧ್ಯಕ್ಷ ದೊಮ್ನಿಯಸ್ ಕೂಡ 304 ರಲ್ಲಿ ಹಾಗೆಯೇ ಹತನಾದನು.

ಬೇನೆಯಿಂದ ಬಳಲಿದ ಡಯೋಕ್ಲೀಷಿಯನ್ 305 ರ ಮೇ 1 ರಂದು ನಿಕೋಮೀಡಿಯಾ ನಗರದಲ್ಲಿ ಸೈನ್ಯದ ಇದಿರಿನಲ್ಲೇ ರಾಜವಸ್ತ್ರವನ್ನು ತೆಗೆದಿಟ್ಟು, ಈ ಅರಮನೆಗೆ ಬಂದು ನೆಲಸಿದನು. ಮುಂದೆ ರಾಜ್ಯದಲ್ಲಿ ಒಳಜಗಳ ಎದ್ದು, ಮರಳಿ ಪಟ್ಟವೇರಬೇಕೆಂದು ಹಳೆಯ ಜೊತೆಗಾರರು ಬೇಡಿಕೊಂಡರು. ಸಲೋನಾದಲ್ಲಿ ನಾನು ನನ್ನ ಕೈಯಾರೆ ಬೆಳೆದ ಕಾಯಿಪಲ್ಲೆಯನ್ನು ನೀವು ನೋಡಿದ್ದರೆ ಈ ಮಾತನ್ನೇ ಆಡುತ್ತಿರಲಿಲ್ಲ ಎಂಬ ಅರ್ಥದ ಉತ್ತರವನ್ನು ಆತ ಕೊಟ್ಟನಂತೆ. ಆ ಕಾಯಿಪಲ್ಲೆ ಎಲೆಕೋಸು ಎಂಬುದು ಲೋಕದ ರೂಢಿ.

ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನಾನೂ ನಿವೃತ್ತಿಯ ಸಮೀಪದಲ್ಲಿರುವವನು. ಹಿತ್ತಲಿನಲ್ಲಿ ಅವರೆ ಚಪ್ಪರ ಹಾಕುವ ಕನಸು ನನಗೂ ಉಂಟು. ಅಂಗಳದ ಮೆಟ್ಟಿಲ ಮೇಲೆ ಕುಳಿತು ಅದನ್ನೇ ರಸವತ್ತಾಗಿ ಹೇಳಿದೆ. ಆಕೆ ಕೇಳಿ ಮುಗಿಸಿ, “ಅದೆಲ್ಲ ಸರಿ, ಅವನ ಹೆಂಡತಿ ಎಲ್ಲಿದ್ದಳು?” ಎಂದಳು. ಮೂವತ್ತು ವರ್ಷದ ಅಧ್ಯಾಪನದಲ್ಲಿ ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ; ನಾನೂ ಕೇಳಿಕೊಂಡಿರಲಿಲ್ಲ. ಆ ರಾತ್ರಿ ಮಗಳಿಗೆ ದೂರವಾಣಿ ಮಾಡಿ, ಅವಳು ಕಳುಹಿಸಿದ ಪುಸ್ತಕವನ್ನು ಓದಿ ತಿಳಿದುಕೊಂಡೆ.

ಆಕೆಯ ಹೆಸರು ಪ್ರಿಸ್ಕಾ. ಅವಳ ಕಥೆಯನ್ನು ಬರೆದಿಟ್ಟವನು ಲ್ಯಾಕ್ಟಾನ್ಷಿಯಸ್. ಅವನೂ ಉಪಾಧ್ಯಾಯನೇ, ಡಯೋಕ್ಲೀಷಿಯನ್ನನೇ ನಿಕೋಮೀಡಿಯಾಕ್ಕೆ ಕರೆಸಿಕೊಂಡ ಅಲಂಕಾರಶಾಸ್ತ್ರದ ಅಧ್ಯಾಪಕ. ಕ್ರೈಸ್ತನಾದುದರಿಂದ ಚಕ್ರವರ್ತಿಯ ವಿಷಯದಲ್ಲಿ ಅವನ ಲೇಖನಿ ಕಟುವಾಗಿತ್ತೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಅವನನ್ನು ಓದಬೇಕು. ಅವನು ಹೇಳುವಂತೆ, 311 ರಲ್ಲಿ ಅಳಿಯ ಗೆಲೇರಿಯಸ್ ತೀರಿಕೊಂಡ ಬಳಿಕ ತಾಯಿ ಮಗಳಿಬ್ಬರೂ ಮ್ಯಾಕ್ಸಿಮಿನಸ್ ದಯಾ ಎಂಬ ಅರಸನ ಆಶ್ರಯಕ್ಕೆ ಹೋದರು. ಇನ್ನೂ ಸೂತಕದಲ್ಲಿದ್ದ ವಲೇರಿಯಾಳನ್ನು ಅವನು ಮದುವೆಗೆ ಕೇಳಿದನು. ಆಕೆ ಒಪ್ಪಲಿಲ್ಲ. ಆಸ್ತಿಯನ್ನೆಲ್ಲ ಕಿತ್ತುಕೊಂಡು ಇಬ್ಬರನ್ನೂ ಸಿರಿಯಾದ ಕಡೆಗೆ ಗಡೀಪಾರು ಮಾಡಿದನು. ಮಗಳನ್ನು ನನ್ನ ಬಳಿಗೆ ಕಳುಹಿಸಿಕೊಡಿ ಎಂದು ಮುದಿ ತಂದೆ ಇಲ್ಲಿಂದ ಮತ್ತೆ ಮತ್ತೆ ದೂತರನ್ನು ಅಟ್ಟಿದನು. ಒಂದು ಕಾಲಕ್ಕೆ ಯಾರ ಹುಬ್ಬು ಅಲುಗಿದರೆ ಸಾಮ್ರಾಜ್ಯವೇ ನಡುಗುತ್ತಿತ್ತೋ ಅವನ ಬೇಡಿಕೆಗೆ ಈಗ ಯಾರೂ ಕಿವಿಗೊಡಲಿಲ್ಲ. ಆತ ಕಣ್ಣುಮುಚ್ಚಿದ ಮೇಲೆ ತಾಯಿ ಮಗಳು ವೇಷ ಮರೆಸಿಕೊಂಡು ಹದಿನೈದು ತಿಂಗಳು ಊರೂರು ಅಲೆದು, ಥೆಸಲೋನಿಕ ನಗರದಲ್ಲಿ ಸಿಕ್ಕಿಬಿದ್ದರು. ಇಬ್ಬರ ತಲೆಗಳನ್ನೂ ಕಡಿದು ದೇಹಗಳನ್ನು ಕಡಲಿಗೆಸೆದರು.

ಇದನ್ನು ಓದಿ ಹೇಳಿದಾಗ ನನ್ನಾಕೆ ಬಹಳ ಹೊತ್ತು ಮಾತಾಡಲಿಲ್ಲ. ಬೆಳಗ್ಗೆ ಎದ್ದು ಮೊದಲು ಮಗಳ ದನಿ ಕೇಳಿದ ಮೇಲೆಯೇ ಕಾಫಿ ಕುಡಿದಳು.

ಆ ದಿನ ಚಕ್ರವರ್ತಿಯ ಸಮಾಧಿಮಂದಿರಕ್ಕೆ ಹೋದೆವು. ಎಂಟು ಮೂಲೆಯ ಗಟ್ಟಿ ಕಟ್ಟಡ. ಪಕ್ಕದಲ್ಲಿ ಈಜಿಪ್ಟಿನಿಂದ ಬಂದ ಕಪ್ಪು ಕಲ್ಲಿನ ಸ್ಫಿಂಕ್ಸ್. ವಿಧಿಯ ವಿನೋದವನ್ನು ಇಲ್ಲಿ ನೋಡಬೇಕು. ಏಳನೆಯ ಶತಮಾನದಲ್ಲಿ ಅವಾರರು ಮತ್ತು ಸ್ಲಾವರು ಸಲೋನಾ ನಗರವನ್ನು ಹಾಳುಗೆಡವಿದಾಗ, ಮನೆಮಠ ಕಳೆದುಕೊಂಡ ಜನ ಕೊನೆಗೆ ಈ ಬರಿದಾದ ಅರಮನೆಯ ಗೋಡೆಗಳ ನಡುವೆ ನೆಲೆ ನಿಂತರು. ಊರು ಹುಟ್ಟಿದ್ದು ಹೀಗೆ. ಅವರು ಸಮಾಧಿಯನ್ನೇ ಇಗರ್ಜಿಯನ್ನಾಗಿ ಮಾಡಿ, ದೊಮ್ನಿಯಸ್ಸನ ಹೆಸರನ್ನಿಟ್ಟರು. ಕೊಲ್ಲಿಸಿದವನ ಗೋರಿಯಲ್ಲಿ ಹತನಾದವನಿಗೆ ಪೂಜೆ! ಚಕ್ರವರ್ತಿಯ ಕಲ್ಲಿನ ಶವಪೆಟ್ಟಿಗೆ ಮಾಯವಾಗಿಹೋಗಿದೆ. ಗುರುದೇವನ ಗುಡಿ, ಎಂದರೆ ಜೂಪಿಟರನ ದೇವಾಲಯ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಮಂದಿರವಾಗಿದೆ. ನೆಲಮಾಳಿಗೆಯ ಕಮಾನಿನ ಕೋಣೆಗಳೊಳಕ್ಕೆ ಮೇಲಿನ ಮನೆಗಳವರು ಶತಮಾನಗಳ ಕಾಲ ಕಸ ಸುರಿದರು. ಆ ಕಸದಿಂದಲೇ ಅವು ಕಾಪಾಡಲ್ಪಟ್ಟವು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಹೊರತೆಗೆದಾಗ, ಮೇಲೆ ಅಳಿದುಹೋದ ರಾಜಗೃಹದ ವಿನ್ಯಾಸವು ಕೆಳಗೆ ಹಾಗೆಯೇ ದೊರೆಯಿತು. 1979 ರಲ್ಲಿ ಇದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಚಿನ್ನದ ಬಾಗಿಲ ಹೊರಗೆ ಹತ್ತನೆಯ ಶತಮಾನದ ಧರ್ಮಾಧ್ಯಕ್ಷ ಗ್ರೆಗರಿಯ ಎತ್ತರದ ಕಂಚಿನ ಪ್ರತಿಮೆಯಿದೆ. ಶಿಲ್ಪಿ ಇವಾನ್ ಮೆಶ್ಟ್ರೊವಿಚ್. ದೇವರ ಸೇವೆ ಲ್ಯಾಟಿನ್ನಿನಲ್ಲಲ್ಲ, ಜನರಾಡುವ ನುಡಿಯಲ್ಲಿ ನಡೆಯಲೆಂದು ಹೋರಾಡಿದವನು ಆತ. ಕನ್ನಡ ಪಂಡಿತನಾದ ನಾನು ಕೈಮುಗಿದೆ. ಅವನ ಹೆಬ್ಬೆರಳನ್ನು ಮುಟ್ಟಿದರೆ ಒಳ್ಳೆಯದಾಗುವುದೆಂದು ಎಲ್ಲರೂ ಉಜ್ಜಿ ಉಜ್ಜಿ ಅದು ಹೊನ್ನಿನಂತೆ ಹೊಳೆಯುತ್ತದೆ. ನನ್ನಾಕೆ ಎರಡು ಸಲ ಮುಟ್ಟಿದಳು. ಎರಡನೆಯದು ಯಾರಿಗೆಂದು ನಾನು ಕೇಳಲಿಲ್ಲ.

ವಾಚಕರೇ, ತಾವು ಎಂದಾದರೂ ಅಲ್ಲಿಗೆ ಹೋದರೆ ಇಗರ್ಜಿಯೊಳಗೆ ತಲೆಯೆತ್ತಿ ನೋಡಿ. ಗುಮ್ಮಟದ ಕೆಳಗಿನ ಕೆತ್ತನೆಯ ಪಟ್ಟಿಯಲ್ಲಿ ಹಾರದ ಸುತ್ತಿನೊಳಗೆ ಎರಡು ಮುಖಗಳಿವೆ. ಒಂದು ಡಯೋಕ್ಲೀಷಿಯನ್ನನದು, ಮತ್ತೊಂದು ಪ್ರಿಸ್ಕಾಳದು ಎಂದು ವಿದ್ವಾಂಸರು ಗುರುತಿಸುತ್ತಾರೆ. ಕಾಯಿಪಲ್ಲೆಯ ಕಥೆಯನ್ನು ನಾನು ಇನ್ನು ಮುಂದೆಯೂ ತರಗತಿಯಲ್ಲಿ ಹೇಳುವೆನು. ಆದರೆ ಅಲ್ಲಿಗೇ ನಿಲ್ಲಿಸೆನು. ದೂತರನ್ನು ಕಳುಹಿಸಿ, ಕಡಲ ಕಡೆಯ ಬಾಗಿಲಲ್ಲಿ ಮಗಳಿಗಾಗಿ ಕಾದ ತಂದೆಯ ಕಥೆಯನ್ನೂ, ಆ ಬಾಗಿಲಿಗೆ ಬಂದು ತಲಪದ ತಾಯಿ ಮಗಳ ಕಥೆಯನ್ನೂ ಸೇರಿಸಿಯೇ ಹೇಳುವೆನು.